ಚರ್ಚ್ ಗೋಪುರದ ಹಕ್ಕಿ ನಮ್ಮ ನಂದಿಬೆಟ್ಟದಲ್ಲೇ ಇದೆ

ಇಂಗ್ಲೆಂಡಿನ ನಾರ್ವಿಚ್ ಕೆಥೆಡ್ರಲ್ ಗೋಪುರದಲ್ಲಿ ಪೆರಿಗ್ರಿನ್ ಫಾಲ್ಕನ್ ಎಂಬ ಬೇಟೆ ಹಕ್ಕಿ ಮರಿ ಮಾಡುವುದನ್ನು ಕ್ಯಾಮೆರಾ ಇಟ್ಟು ಲೈವ್ ತೋರಿಸುತ್ತಾರೆ. ನಾನು ಎರಡು ವರ್ಷ ಅದನ್ನೇ ಫೋನಿನಲ್ಲಿ ನೋಡುತ್ತಿದ್ದೆ. ಗೂಡು ಅಂದರೆ ಕಡ್ಡಿ ಗಿಡ್ಡಿ ಏನೂ ಇಲ್ಲ, ಜಲ್ಲಿಯಲ್ಲಿ ಎದೆ ಒತ್ತಿ ಕಾಲಲ್ಲಿ ಕೆದರಿ ಒಂದು ಗುಳಿ ಮಾಡಿಕೊಂಡು ಅದರಲ್ಲೇ ಮೂರ್ನಾಲ್ಕು ಮೊಟ್ಟೆ ಇಡುತ್ತದೆ. ಅದಕ್ಕೆ ಬೇಕಾಗಿರುವುದು ಎತ್ತರದ ಗೋಡೆ, ಕೂರಲು ಒಂದು ಚಾಚು, ಕೆಳಗೆ ಪಾರಿವಾಳ. ಚರ್ಚ್ ಆದರೇನು, ಬಂಡೆ ಆದರೇನು, ಅಲ್ವಾ?

ನಮ್ಮ ಕಡೆ ಇದೇ ಜಾತಿಯ ಹಕ್ಕಿ ಇದೆ, ಶಾಹೀನ್ ಚಾಣ. ಅದಕ್ಕೆ ಬಂಡೆಯೇ ಇಷ್ಟ. ಅದನ್ನು ನೋಡಲೆಂದೇ ಚಿಕ್ಕಬಳ್ಳಾಪುರದಿಂದ ನಂದಿಬೆಟ್ಟ ಹತ್ತಿದೆ.

ಮೊದಲ ಸಲ ತಪ್ಪು ಮಾಡಿದೆ. ಎಲ್ಲರ ಹಾಗೆ ಸೂರ್ಯೋದಯಕ್ಕೆ ಹೋದೆ, ಮಂಜು ಬಿಟ್ಟರೆ ಏನೂ ಕಾಣಲಿಲ್ಲ, ಜನ ಬೇರೆ ಜಾಸ್ತಿ. ಎರಡನೇ ಸಲ ಫೆಬ್ರವರಿಯ ಒಂದು ಮಂಗಳವಾರ ಹೋದೆ. ನೀವೂ ವಾರದ ದಿನವೇ ಹೋಗಿ. ಮಂಜು ಕರಗಿ ಬಂಡೆ ಬಿಸಿಯಾಗುವವರೆಗೆ ಕಾಯಿರಿ, ಎಂಟೂವರೆ ಆದ ಮೇಲೆ ಗಾಳಿ ಮೇಲೇಳುತ್ತದೆ, ಹಕ್ಕಿಗಳೂ ಏಳುತ್ತವೆ. ಬೆಟ್ಟದ ನಿಯಮ, ಗೇಟಿನ ಸಮಯ ಆಗಾಗ ಬದಲಾಗುತ್ತವೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಬಸ್ಸಿನಲ್ಲಿ ಹೋಗುವವರು ವಾಪಸ್ ಬಸ್ಸಿನ ಟೈಮನ್ನು ಕಂಡಕ್ಟರ್ ಹತ್ತಿರ ಆಗಲೇ ಕೇಳಿಟ್ಟುಕೊಳ್ಳಿ. ತಿಂಡಿ ಕೈಯಲ್ಲಿ ಹಿಡಿಯಬೇಡಿ, ಕೋತಿಗಳು ಬಿಡುವುದಿಲ್ಲ.

ಬೆಟ್ಟದ ಕಡಿದಾದ ಅಂಚು ಟಿಪ್ಪು ಡ್ರಾಪ್ ಕಡೆ ಕಂಬಿಯ ಈಚೆಯೇ ನಿಂತು ಎದುರಿನ ಬಂಡೆಯನ್ನು ನಿಧಾನವಾಗಿ ನೋಡುತ್ತಾ ಹೋಗಿ. ಸುಣ್ಣ ಸುರಿದ ಹಾಗೆ ಬಿಳಿ ಗೆರೆ ಇಳಿದಿದ್ದರೆ ಅದು ಹಿಕ್ಕೆ, ಮೇಲೆ ಯಾವುದೋ ಹಕ್ಕಿ ದಿನಾ ಕೂರುತ್ತದೆ ಅಂತ ಅರ್ಥ. ಹದ್ದು ಬಂದರೆ ಮೋಸ ಹೋಗಬೇಡಿ. ಹದ್ದಿನ ಬಾಲ ಕವಲು, ತೇಲುತ್ತಾ ಸುತ್ತುತ್ತದೆ. ಚಾಣ ಸುಮಾರು ಕಾಗೆಯಷ್ಟೇ ಇರುತ್ತದೆ, ರೆಕ್ಕೆ ಚೂಪು, ಬಡಿತ ಬಿರುಸು.

ಒಂದು ಗಂಟೆ ಕಾದ ಮೇಲೆ ನನ್ನ ಕಾಲಿಗಿಂತ ಕೆಳಗೆ ಒಂದು ಬೂದು ಬೆನ್ನು ಹಾದುಹೋಯಿತು. ತಿರುಗಿದಾಗ ಕೆಂಗಂದು ಹೊಟ್ಟೆ, ಹೆಲ್ಮೆಟ್ ಹಾಕಿದ ಹಾಗೆ ಕಪ್ಪು ತಲೆ ಕಂಡಿತು. ರೆಕ್ಕೆ ಮಡಚಿ ಬಿತ್ತು ನೋಡಿ, ಕಣ್ಣು ಹಿಂಬಾಲಿಸಲೇ ಇಲ್ಲ. ಹಾಗೆ ಎರಗುವಾಗ ಗಂಟೆಗೆ 300 ಕಿಲೋಮೀಟರ್ ಮೀರುವ ಹಕ್ಕಿ ಇದು. ಸ್ವಲ್ಪ ಹೊತ್ತಿಗೆ ಪಾರಿವಾಳದ ಪುಕ್ಕ ಗಾಳಿಯಲ್ಲಿ ಮೇಲೆ ತೇಲಿ ಬಂದು ಕಂಬಿಗೆ ಅಂಟಿತು. ನನ್ನ ಕೈ ನಡುಗುತ್ತಿತ್ತು, ಫೋಟೋ ಬರಲಿಲ್ಲ.

ದಯವಿಟ್ಟು ಡ್ರೋನ್ ತರಬೇಡಿ. ಗೂಡು ಕಂಡರೂ ಅದು ಇರುವ ಜಾಗವನ್ನು ಇಂಟರ್ನೆಟ್ಟಿನಲ್ಲಿ ಎಲ್ಲೂ ಹಾಕಬೇಡಿ. ಹೆದರಿ ತಾಯಿ ಎದ್ದುಹೋದರೆ ಬಿಸಿಲಿಗೆ ಮೊಟ್ಟೆ ಹಾಳಾಗುತ್ತದೆ.

ಇಳಿದ ಮೇಲೆ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನಕ್ಕೂ ಹೋಗಿ, ಅಲ್ಲೂ ಬೈನಾಕ್ಯುಲರ್ ಒಳಗಿಡಬೇಡಿ. ಅಲ್ಲಿ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು ಅಂದರೆ ತಕ್ಷಣ ಮೇಲೆ ನೋಡಿ.