ಕತ್ತಿ ಕೆಂಪಾದ ದಿನ

"ಅಜ್ಜ, ಮುನ್ನೂರು ಗ್ರಾಂ ಸುಣ್ಣ ಸಾಕು. ನೀವು ಒಂದು ಕೆಜಿ ಯಾಕೆ ಹಾಕುತ್ತೀರಿ?"

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಇದೆ. ಮಳೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಅಡಿಕೆ ತೋಟಕ್ಕೆ ಕೊಳೆರೋಗದ ಎರಡನೇ ಔಷಧಿ ಹೊಡೆಯಲು ಮರ ಹತ್ತುವ ಕೊನೆಗಾರರೂ ಸಿಕ್ಕಿದ್ದರು. ಅಂಗಳದ ಒಂದು ಡ್ರಮ್ಮಿನಲ್ಲಿ ಒಂದು ಕೆಜಿ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಕರಗಿ ನೀಲಿಯಾಗಿತ್ತು. ಅಪ್ಪ ಸುಣ್ಣ ತೂಗುತ್ತಿದ್ದರು. ಕೇಳಿದವಳು ತಂಗಿಯ ಮಗಳು; ಮೊದಲ ಪಿಯುಸಿ, ಹಿಂದಿನ ವಾರವಷ್ಟೇ ರಸಾಯನಶಾಸ್ತ್ರದಲ್ಲಿ ಅಣುಗಳನ್ನು ಎಣಿಸುವ ಅಳತೆಯಾದ ಮೋಲ್ ಲೆಕ್ಕದ ಕಿರುಪರೀಕ್ಷೆ ಬರೆದು ಬಂದವಳು.

ಅವಳು ಬಾಯಿಗೆ ಬಂದಂತೆ ಹೇಳಿದ್ದಲ್ಲ. ಜಗಲಿಯ ಕಾವಿನೆಲದ ಮೇಲೆ ಸುಣ್ಣ ಮೆತ್ತಿದ ಬೆರಳಿನಿಂದಲೇ ಬರೆದು ತೋರಿಸಿದಳು. ಮೈಲುತುತ್ತದ ಹರಳಿನಲ್ಲಿ ಐದು ನೀರಿನ ಅಣುಗಳಿರುತ್ತವೆ, ಆದ್ದರಿಂದ ಒಂದು ಮೋಲ್ ಎಂದರೆ ಸುಮಾರು 250 ಗ್ರಾಂ. ಒಂದು ಕೆಜಿಯಲ್ಲಿ ನಾಲ್ಕು ಮೋಲ್. ಸಮೀಕರಣ ಸರಿದೂಗಿಸಿದರೆ ಒಂದು ಮೋಲ್ ಮೈಲುತುತ್ತಕ್ಕೆ ಒಂದು ಮೋಲ್ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣ, ಅದು 74 ಗ್ರಾಂ. ನಾಲ್ಕು ಎಪ್ಪತ್ತನಾಲ್ಕಲಿ 296. ಆ ಐದು ನೀರನ್ನು ಮರೆತು 160ರಿಂದ ಭಾಗಿಸುವವರೇ ಹೆಚ್ಚು. ಅವಳು ಮರೆಯಲಿಲ್ಲ. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಅಪ್ಪ ಎಲ್ಲಿ ಗದರಿಬಿಡುತ್ತಾರೋ ಎಂದು ಮೊದಲೇ ಅವಳ ಪರ ವಾದಿಸಲು ಸಿದ್ಧನಾದೆ.

ಅಪ್ಪ ಗದರಲಿಲ್ಲ. "ಲೆಕ್ಕ ಸರಿಯಿರಬಹುದು ಕೂಸೇ. ಒಂದು ಲೀಟರು ಕಲಸು, ಕತ್ತಿ ಅದ್ದಿ ನೋಡೋಣ" ಎಂದರು.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಬಂತು. ಹತ್ತು ಗ್ರಾಂ ಮೈಲುತುತ್ತ, ಮೂರು ಗ್ರಾಂ ಸುಣ್ಣ. ಸುಣ್ಣದ ನೀರಿಗೆ ನೀಲಿಯನ್ನು ಸಣ್ಣ ಧಾರೆಯಾಗಿ ಸುರಿದು ಕಡ್ಡಿಯಿಂದ ಕದಡಿದಳು. ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಕತ್ತಿಯನ್ನು ಅಪ್ಪ ಅದ್ದಿ, ತುಸು ಹೊತ್ತು ಬಿಟ್ಟು ತೆಗೆದರು. ಅಲಗಿನ ತುದಿಗೆ ತೆಳ್ಳಗೆ ಕೆಂಪು ಕೂತಿತ್ತು. ತಾಮ್ರ. ಸುಣ್ಣದ ಜೊತೆ ಕೂಡದೆ ದ್ರಾವಣದಲ್ಲಿ ಇನ್ನೂ ಬಿಡಿಯಾಗಿ ಉಳಿದಿದ್ದ ತಾಮ್ರ ಕಬ್ಬಿಣಕ್ಕೆ ಬಂದು ಅಂಟಿತ್ತು. ಅದೇ ನೀರು ಎಳೆ ಅಡಿಕೆಯ ಮೇಲೆ ಬಿದ್ದರೆ ಕಾಯಿ ಸುಡುತ್ತದೆ. ಅಪ್ಪನ ಯೌವನದಲ್ಲಿ ಒಂದು ಮಳೆಗಾಲ ಸುಣ್ಣ ಕಡಿಮೆಯಾಗಿ ಮೇಲಿನ ತೋಟದ ಅಡಿಕೆಗೊನೆಗಳು ಕಪ್ಪಿಟ್ಟಿದ್ದವಂತೆ.

ಹುಡುಗಿಯ ಮುಖ ಬಾಡಿತು. "ನನ್ನ ಲೆಕ್ಕ ತಪ್ಪೇ?" ಎಂದು ನನ್ನನ್ನು ಕೇಳಿದಳು. ತಪ್ಪಿರಲಿಲ್ಲ. ಚೀಲದಲ್ಲಿದ್ದದ್ದು ಪೂರ್ತಿ ಸುಣ್ಣವಾಗಿರಲಿಲ್ಲ, ಅಷ್ಟೇ. ಮೊದಲ ಔಷಧಿಗೆಂದು ಜೂನ್‌ನಲ್ಲಿ ಬಿಚ್ಚಿದ ಚೀಲವದು. ಒಂದೂವರೆ ತಿಂಗಳು ಮಲೆನಾಡಿನ ತೇವದ ಗಾಳಿಗೆ ಬಾಯಿ ತೆರೆದು ಕೂತಿತ್ತು. ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಅದರಲ್ಲೊಂದು ಪಾಲು ಸೀಮೆಸುಣ್ಣದಂಥ ಕಾರ್ಬೊನೇಟ್ ಆಗಿತ್ತು. ನೋಡಲು ಅದೇ ಬಿಳಿ ಪುಡಿ, ತಕ್ಕಡಿಗೂ ವ್ಯತ್ಯಾಸ ಗೊತ್ತಾಗದು.

ಆಮೇಲೆ ಅವಳನ್ನು ಎಬ್ಬಿಸಲಾಗಲಿಲ್ಲ. ಅರ್ಧರ್ಧ ಗ್ರಾಂ ಸುಣ್ಣ ಸೇರಿಸುವುದು, ಕದಡುವುದು, ಕತ್ತಿ ಉಜ್ಜುವುದು, ಅದ್ದುವುದು. ಐದು ಗ್ರಾಂ ತಲುಪಿದಾಗ ಅಲಗು ಬೆಳ್ಳಗೇ ಮೇಲೆ ಬಂತು. ತಕ್ಷಣ ಜಗಲಿಗೆ ಓಡಿ ಲೆಕ್ಕವನ್ನು ತಿರುಗುಮುರುಗು ಹಾಕಿದಳು: ಬೇಕಾದದ್ದು 2.96, ಹಿಡಿಸಿದ್ದು 5, ಹಾಗಾದರೆ ಈ ಚೀಲದಲ್ಲಿ ನಿಜವಾದ ಸುಣ್ಣ ನೂರಕ್ಕೆ ಅರವತ್ತರ ಆಸುಪಾಸು. ಕಚ್ಚಾ ಲೆಕ್ಕವೇ, ಏಕೆಂದರೆ ಡ್ರಮ್ಮಿನೊಳಗಿನ ಕ್ರಿಯೆ ಪುಸ್ತಕದ ಸಮೀಕರಣದಷ್ಟು ಸರಳವಲ್ಲ. ಆದರೂ ಪಠ್ಯದ ಸಮಸ್ಯೆಗಳಲ್ಲಿ "ಶೇಕಡಾ ಇಷ್ಟು ಶುದ್ಧ" ಎಂದು ಮೊದಲೇ ಕೊಟ್ಟುಬಿಟ್ಟಿರುವ ಅಂಕಿಯನ್ನು ಇವಳು ತಾನೇ ಕಂಡುಹಿಡಿದಿದ್ದಳು.

ಒಂದು ಕೆಜಿ ಮೈಲುತುತ್ತಕ್ಕೆ ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂಬ ಅಳತೆಯ ಅರ್ಥ ನನಗೂ ಆಗಲೇ ಬಿಡಿಸಿಕೊಂಡಿತು. ಸುಣ್ಣ ಅರ್ಧ ಕೆಟ್ಟಿದ್ದರೂ ಮರ ಉಳಿಯಲಿ ಎಂದು ಇಟ್ಟ ಅಳತೆಯದು. ಕಳೆದ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗಕ್ಕೆ ಈ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ದಾರಿ ತೋರಿಸುವ ಮೊದಲು ನಮ್ಮ ಹಿರಿಯರು ಒಂದೊಂದು ಅಡಿಕೆಗೊನೆಗೂ ಮಳೆ ತಾಗದಂತೆ ಕೊಟ್ಟೆ ಕಟ್ಟುತ್ತಿದ್ದರು. ಆ ಪಾಡು ಕೇಳಿ ಬೆಳೆದ ಅಪ್ಪ ಸುಣ್ಣದಲ್ಲಿ ಜುಗ್ಗತನ ಮಾಡುವವರಲ್ಲ.

ನನ್ನ ಬೇಸರ ಅವಳ ಉಪನ್ಯಾಸಕರ ಮೇಲೆ. "ತೂಗಿದ ವಸ್ತು ಶುದ್ಧವಿದೆಯೆಂದು ತಿಳಿಯುವುದು ಹೇಗೆ?" ಎಂದು ತರಗತಿಯಲ್ಲಿ ಅವಳು ಮೊದಲೇ ಕೇಳಿದ್ದಳಂತೆ. "ಅದು ಪರೀಕ್ಷೆಗೆ ಬರುವುದಿಲ್ಲ" ಎಂದು ಕೂರಿಸಿದರಂತೆ. ಪಾಠ ಮುಗಿಸುವ ಅವಸರ ನನಗೂ ಗೊತ್ತಿದೆ. ಆದರೂ ಹದಿನಾರರ ಹುಡುಗಿಗೆ ಹಾಗೆ ಹೇಳಬಾರದಿತ್ತು. ಏಳು ತರಗತಿಯಷ್ಟೇ ಓದಿದ ನನ್ನ ಅಪ್ಪ ಅದೇ ಪ್ರಶ್ನೆಗೆ ಒಂದು ಲೀಟರು ನೀರು, ಒಂದು ಕತ್ತಿ ಕೊಟ್ಟರು.

ರಾತ್ರಿ ಊಟಕ್ಕೆ ಕೂತಾಗ ಅವಳು ಮೆಲ್ಲಗೆ ಕೇಳಿದಳು: "ಮಾವ, ನಮ್ಮ ಕಾಲೇಜಿನ ಪ್ರಯೋಗಾಲಯದ ಬಾಟಲಿಗಳನ್ನು ಯಾವಾಗ ತೆರೆದದ್ದು ಎಂದು ಸರ್ ಹತ್ತಿರ ಕೇಳಬಹುದೇ?"

ಕೇಳು ಎಂದೆ.