ಮೈಬಣ್ಣ ಕಂದಾಗಿಸುವ ಹಾರ್ಮೋನು ಸೂಜಿ: ಮೆಲನೋಟಾನ್ ಬಗ್ಗೆ ತಿಳಿದಿರಬೇಕಾದ್ದು

ಬ್ರಿಟನ್, ಐರ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಬೇಸಿಗೆಗೆ ಮುಂಚೆಯೇ ಮೈ ಕಂದು ಮಾಡಿಕೊಳ್ಳುವ ಆಸೆ ಹಲವರಿಗಿದೆ. ಅದಕ್ಕಾಗಿ ಆನ್‌ಲೈನಿನಲ್ಲಿ ಕಳ್ಳದಾರಿಯಲ್ಲಿ ಮಾರಾಟವಾಗುವ ಸರಕು ಮೆಲನೋಟಾನ್-2. ಅಲ್ಲಿರುವ ಕನ್ನಡಿಗರ ಕಣ್ಣಿಗೂ ಇದು ಬೀಳಬಹುದು, ಇಲ್ಲಿ ತೊನ್ನಿಗೆ ಮದ್ದು ಹುಡುಕುವವರಿಗೂ ಈ ಹೆಸರು ಎದುರಾಗಬಹುದು. ಇದೇ ಮನೆತನದ ಇನ್ನೊಂದು ಔಷಧಿ, ಅಫಾಮೆಲನೋಟೈಡ್, ನಿಜಕ್ಕೂ ಒಳ್ಳೆಯದು. ಎರಡನ್ನೂ ಒಂದೇ ಎಂದು ತಿಳಿದರೆ ಅಪಾಯ.

ಬಿಸಿಲು ತಾಗಿದಾಗ ನಮ್ಮ ಚರ್ಮ ಆಲ್ಫಾ-ಎಂಎಸ್‌ಎಚ್ ಎಂಬ ಹಾರ್ಮೋನು ತಯಾರಿಸುತ್ತದೆ. 13 ಅಮೈನೋ ಆಮ್ಲಗಳ ಸಣ್ಣ ಸರಪಳಿ ಅದು. ಬಣ್ಣ ತಯಾರಿಸುವ ಕೋಶಗಳ ಮೇಲಿರುವ ಎಂಸಿ1ಆರ್ ಎಂಬ ಗ್ರಾಹಕಕ್ಕೆ ಅಂಟಿಕೊಂಡು, ಕಪ್ಪು-ಕಂದು ಮೆಲನಿನ್ ಹೆಚ್ಚಿಸುತ್ತದೆ. ಆದರೆ ರಕ್ತದಲ್ಲಿ ಬಹಳ ಬೇಗ ಒಡೆದುಹೋಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದಲ್ಲಿ ಮ್ಯಾಕ್ ಹ್ಯಾಡ್ಲಿ, ವಿಕ್ಟರ್ ಹ್ರೂಬಿ ಮತ್ತು ಸಂಗಡಿಗರು ಈ ಸರಪಳಿಯ 4 ಮತ್ತು 7ನೇ ಕೊಂಡಿಗಳನ್ನು ಬದಲಿಸಿ, ಹೆಚ್ಚು ಹೊತ್ತು ಬಾಳುವ, ಹೆಚ್ಚು ಬಲದ ನಕಲು ಮಾಡಿದರು. ಅದೇ ಇಂದಿನ ಅಫಾಮೆಲನೋಟೈಡ್. ಆಮೇಲೆ ಅಲ್ಲೇ ಹುಟ್ಟಿದ್ದು 7 ಕೊಂಡಿಗಳ, ಉಂಗುರದಂತೆ ಮಡಚಿದ ಮೆಲನೋಟಾನ್-2.

ಅಫಾಮೆಲನೋಟೈಡ್ ಅನ್ನು ಸಿನೆಸ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾದ ಕ್ಲಿನುವೆಲ್ ಕಂಪನಿ ಮಾರುತ್ತದೆ. ಯುರೋಪಿನಲ್ಲಿ 2014ರಲ್ಲಿ, ಅಮೆರಿಕದಲ್ಲಿ 2019ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು, ಅದೂ ಇಪಿಪಿ ಎಂಬ ಅಪರೂಪದ ಕಾಯಿಲೆಯ ವಯಸ್ಕರಿಗೆ ಮಾತ್ರ. ಇಪಿಪಿ ಇರುವವರ ರಕ್ತದಲ್ಲಿ ಪ್ರೋಟೋಪಾರ್ಫಿರಿನ್ ಎಂಬ ರಾಸಾಯನಿಕ ತುಂಬಿಕೊಂಡಿರುತ್ತದೆ. ಕಣ್ಣಿಗೆ ಕಾಣುವ ನೇರಳೆ-ನೀಲಿ ಬೆಳಕು ಬಿದ್ದರೆ ಸಾಕು, ಕೈ ಮುಖವೆಲ್ಲ ಬೆಂಕಿ ಹತ್ತಿದ ಹಾಗೆ ಉರಿ. ಸಾಧಾರಣ ಸನ್‌ಸ್ಕ್ರೀನ್ ಯುವಿ ಕಿರಣವನ್ನು ತಡೆಯುತ್ತದೆಯೇ ಹೊರತು ಈ ಬೆಳಕನ್ನಲ್ಲ. ಚರ್ಮದಲ್ಲೇ ಮೆಲನಿನ್ ಹೆಚ್ಚಿದರೆ ತಕ್ಕಮಟ್ಟಿಗೆ ತಡೆ ಸಿಗುತ್ತದೆ. 16 ಮಿ.ಗ್ರಾಂ ಔಷಧಿಯಿರುವ, ಸುಮಾರು 1.7 ಸೆಂ.ಮೀ. ಉದ್ದದ ಕಡ್ಡಿಯನ್ನು ತರಬೇತಿ ಪಡೆದ ವೈದ್ಯರು ಸೊಂಟದ ಮೂಳೆಯ ಮೇಲ್ಭಾಗದಲ್ಲಿ ಚರ್ಮದಡಿ ಇಡುತ್ತಾರೆ. ಅದು ಅಲ್ಲೇ ಕರಗುತ್ತದೆ, 2 ತಿಂಗಳ ಮೇಲೆ ಇನ್ನೊಂದು ಇಡಬೇಕು. ವರ್ಷಕ್ಕೆ ಎರಡು ಸಲ ಮೈಮೇಲಿನ ಮಚ್ಚೆಗಳನ್ನೆಲ್ಲ ಪರೀಕ್ಷಿಸಬೇಕು. ಸೌಂದರ್ಯಕ್ಕೆಂದು ಇದನ್ನು ಕೊಡುವುದಿಲ್ಲ.

ಮೆಲನೋಟಾನ್-2 ಬಣ್ಣದ ಕೋಶಕ್ಕಷ್ಟೇ ಹೋಗಿ ಸುಮ್ಮನಾಗುವುದಿಲ್ಲ. ಮಿದುಳಿನಲ್ಲಿ ಹಸಿವು, ಕಾಮಾಸಕ್ತಿಯನ್ನು ನಿಯಂತ್ರಿಸುವ ಎಂಸಿ4ಆರ್ ಗ್ರಾಹಕವನ್ನೂ ಅದು ಬಡಿದೆಬ್ಬಿಸುತ್ತದೆ. ವಾಕರಿಕೆ, ಮುಖ ಕೆಂಪೇರುವುದು, ಬಿಡದೆ ಬರುವ ಆಕಳಿಕೆ, ಹಸಿವಿಲ್ಲದಿರುವುದು, ಗಂಡಸರಲ್ಲಿ ತಾನಾಗಿಯೇ ಶಿಶ್ನ ನಿಮಿರುವುದು ಇವೆಲ್ಲ ಮೆಲನೋಟಾನ್-2ರ ಅಡ್ಡಪರಿಣಾಮಗಳು. ಆ ಕೊನೆಯ ಗುಣವನ್ನೇ ಹಿಡಿದು ಬೆಳೆಸಿದ ಬ್ರೆಮೆಲನೋಟೈಡ್ ಎಂಬ ಔಷಧಿಗೆ 2019ರಲ್ಲಿ ಅಮೆರಿಕದಲ್ಲಿ, ಋತುಬಂಧಕ್ಕೆ ಮುಂಚಿನ ಮಹಿಳೆಯರ ಕಾಮಾಸಕ್ತಿಯ ಕೊರತೆಗೆ ಒಪ್ಪಿಗೆ ಸಿಕ್ಕಿತು. ಒಂದು ಸಲಕ್ಕೆ 1.75 ಮಿ.ಗ್ರಾಂ, ತಿಂಗಳಿಗೆ 8 ಸಲಕ್ಕಿಂತ ಹೆಚ್ಚಿಲ್ಲ. ಇಷ್ಟು ಮಿತಿಯಲ್ಲಿ ಕೊಡುವ ಆ ಔಷಧಿಯಿಂದಲೂ ರಕ್ತದೊತ್ತಡ ಕೆಲ ಗಂಟೆ ಏರುತ್ತದೆ. ಮುಖ, ವಸಡು, ಸ್ತನದ ಮೇಲೆ ಕಪ್ಪು ಕಲೆಗಳು ಬರಬಹುದು, ಕಪ್ಪು ಮೈಬಣ್ಣದವರಲ್ಲಿ ಈ ಅಪಾಯ ಹೆಚ್ಚು, ಔಷಧಿ ನಿಲ್ಲಿಸಿದರೂ ಕಲೆ ಹೋಗದೇ ಇರಬಹುದು. ಮೆಲನೋಟಾನ್-2ಕ್ಕೆ ಇಂಥ ಒಪ್ಪಿಗೆ ಎಲ್ಲೂ ಇಲ್ಲ. ಔಷಧಿ ನಿಯಂತ್ರಣ ಸಂಸ್ಥೆಗಳಾದ ಅಮೆರಿಕದ ಎಫ್‌ಡಿಎ 2007ರಲ್ಲೇ, ಬ್ರಿಟನ್ನಿನ ಎಂಎಚ್‌ಆರ್‌ಎ 2008ರಲ್ಲಿ ಎಚ್ಚರಿಕೆ ಕೊಟ್ಟಿವೆ.

ಪೆಟ್ಟು ಬೀಳುವುದು ಹೆಚ್ಚಾಗಿ ಔಷಧಿಯ ಪ್ರಮಾಣದ ಲೆಕ್ಕದಲ್ಲಿ. ಸೀಸೆಯಲ್ಲಿ ಬರುವುದು ಒಣಪುಡಿ. ಮೇಲೆ 10 ಮಿ.ಗ್ರಾಂ ಎಂದು ಬರೆದಿದ್ದರೂ ಪರೀಕ್ಷಿಸಿದ ಕೆಲವು ಸೀಸೆಗಳಲ್ಲಿ ಅರ್ಧಕ್ಕಿಂತ ಕಡಿಮೆಯಿತ್ತು, ಜೊತೆಗೆ ಬೇರೆ ಕಲ್ಮಶ. ಅದಕ್ಕೆ 1 ಮಿ.ಲೀ. ನೀರು ಬೆರೆಸುವುದಕ್ಕೂ 2 ಮಿ.ಲೀ. ಬೆರೆಸುವುದಕ್ಕೂ ಸಾಂದ್ರತೆ ಎರಡು ಪಟ್ಟು ವ್ಯತ್ಯಾಸ. ಚುಚ್ಚಿಕೊಳ್ಳಲು ಬಳಸುವ ಇನ್ಸುಲಿನ್ ಸಿರಿಂಜಿನಲ್ಲಿ ಇನ್ನೊಂದು ತೊಡಕು. ನಮ್ಮ ಔಷಧಿ ಅಂಗಡಿಗಳಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಮತ್ತು 100 ಯೂನಿಟ್ ಎರಡೂ ಬಗೆ ಸಿಗುತ್ತವೆ. 100ರ ಸಿರಿಂಜಿನಲ್ಲಿ 10 ಯೂನಿಟ್ ಗೆರೆ ಎಂದರೆ 0.1 ಮಿ.ಲೀ., 40ರದ್ದರಲ್ಲಿ ಅದೇ 10 ಯೂನಿಟ್ ಗೆರೆ 0.25 ಮಿ.ಲೀ. 100ರ ಸಿರಿಂಜು ತೋರಿಸುವ ವಿದೇಶಿ ವಿಡಿಯೋ ನೋಡಿ 40ರದ್ದರಲ್ಲಿ ಗೆರೆ ಎಣಿಸಿದವರ ಮೈಗೆ ಎರಡೂವರೆ ಪಟ್ಟು ಹೋಗುತ್ತದೆ. 6 ಮಿ.ಗ್ರಾಂ ಒಮ್ಮೆಲೇ ಚುಚ್ಚಿಕೊಂಡ ಒಬ್ಬರ ಸ್ನಾಯುಗಳು ಒಡೆದು ಮೂತ್ರಪಿಂಡಕ್ಕೆ ಪೆಟ್ಟಾದದ್ದು ವೈದ್ಯಕೀಯ ವರದಿಯಲ್ಲಿದೆ. ಮೂಗಿಗೆ ಸಿಂಪಡಿಸುವ ಬಗೆಯಲ್ಲಿ ಸೂಜಿ ಇಲ್ಲ ನಿಜ, ಎಷ್ಟು ಒಳಗೆ ಹೋಯಿತೆಂಬ ಲೆಕ್ಕವೂ ಇಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಚಿಂತೆಯ ವಿಷಯ ಮಚ್ಚೆಗಳದ್ದು. ಹಳೆಯವು ಕಪ್ಪಾಗುತ್ತವೆ, ಹೊಸವು ಏಳುತ್ತವೆ. ಬಳಸಿದವರಲ್ಲಿ ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಕಂಡ ಪ್ರಕರಣಗಳೂ ದಾಖಲಾಗಿವೆ. ಸೂಜಿಯೇ ಕಾರಣ ಎಂದು ಇನ್ನೂ ಸಾಬೀತಾಗಿಲ್ಲ, ಯಾಕೆಂದರೆ ಇದೇ ಜನ ಯುವಿ ಕಿರಣದಿಂದ ಮೈ ಕಂದು ಮಾಡುವ, ಅದರಿಂದಲೇ ಕ್ಯಾನ್ಸರ್ ತರಬಲ್ಲ ಟ್ಯಾನಿಂಗ್ ಬೆಡ್ ಮೇಲೂ ಮಲಗುತ್ತಾರೆ. ಆದರೆ ಎಲ್ಲ ಮಚ್ಚೆಗಳೂ ಒಟ್ಟಿಗೆ ಬಣ್ಣ ಬದಲಿಸಿದಾಗ ಕೆಟ್ಟದ್ದು ಯಾವುದೆಂದು ಗುರುತಿಸುವುದು ಚರ್ಮವೈದ್ಯರಿಗೂ ಕಷ್ಟ.

ಈಗಾಗಲೇ ಬಳಸಿದವರು ನಿಲ್ಲಿಸಿ, ಚರ್ಮವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಿ. ಯಾವಾಗ ಶುರು ಮಾಡಿದಿರಿ, ಎಷ್ಟು ಸಲ, ಸೂಜಿ ಯಾರೊಡನೆಯಾದರೂ ಹಂಚಿಕೊಂಡಿರಾ ಎಂಬುದೂ ಬೇಕು, ಹೆಪಟೈಟಿಸ್, ಎಚ್‌ಐವಿ ಪರೀಕ್ಷೆ ಅದರ ಮೇಲೆ ನಿಂತಿದೆ. ನಮ್ಮವರಲ್ಲಿ ಮೆಲನೋಮಾ ಹೆಚ್ಚಾಗಿ ಬರುವುದು ಅಂಗಾಲು, ಅಂಗೈ, ಉಗುರಿನಡಿ. ಅಲ್ಲೂ ತೋರಿಸಿ. ನಿಮಿರುವಿಕೆ 4 ಗಂಟೆ ದಾಟಿದರೆ, ಸ್ನಾಯು ನೋವಿನ ಜೊತೆ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.

ಕಂದು ಬಣ್ಣವಷ್ಟೇ ಬೇಕಿದ್ದವರಿಗೆ ಡಿಎಚ್‌ಎ (ಡೈಹೈಡ್ರಾಕ್ಸಿಅಸಿಟೋನ್) ಇರುವ ಲೋಷನ್ ಇದೆ. ಚರ್ಮದ ಮೇಲಿನ ಸತ್ತ ಪದರಕ್ಕೆ ಬಣ್ಣ ಹಿಡಿಸಿ ಒಂದು ವಾರದಲ್ಲಿ ಹೋಗುತ್ತದೆ. ಬಿಸಿಲಿನಿಂದ ರಕ್ಷಣೆ ಕೊಡುವುದಿಲ್ಲ, ಸನ್‌ಸ್ಕ್ರೀನ್ ಬೇರೆ ಹಚ್ಚಲೇಬೇಕು.

ತೊನ್ನಿನ ಮಾತು ಬೇರೆ. ನ್ಯಾರೋಬ್ಯಾಂಡ್ ಯುವಿಬಿ ಎಂಬ ಬೆಳಕಿನ ಚಿಕಿತ್ಸೆಯ ಜೊತೆ ಅಫಾಮೆಲನೋಟೈಡ್ ಕೊಟ್ಟ ಪ್ರಯೋಗಗಳಲ್ಲಿ ಬಣ್ಣ ಬೇಗ, ಹೆಚ್ಚು ಮರಳಿದೆ, ಕಪ್ಪು ಮೈಬಣ್ಣದವರಲ್ಲಿ ಫಲ ಇನ್ನೂ ಚೆನ್ನಾಗಿತ್ತು. ಒಂದು ತೊಂದರೆ, ಕಲೆಯಿಲ್ಲದ ಚರ್ಮವೂ ಕಪ್ಪಾಗುವುದರಿಂದ ಮೊದಮೊದಲು ಬಿಳಿ ಕಲೆಗಳು ಇನ್ನಷ್ಟು ಎದ್ದು ಕಾಣುತ್ತವೆ. ಅದೇ ಕಾರಣಕ್ಕೆ, ತೊನ್ನಿರುವವರು ಮನೆಯಲ್ಲಿ ಮೆಲನೋಟಾನ್-2 ಚುಚ್ಚಿಕೊಂಡರೆ ಮೊದಲು ಕಪ್ಪಾಗುವುದು ಕಲೆಯ ಸುತ್ತಲಿನ ಚರ್ಮ.