ಬಾಖ್‌ನ ಖಾಲಿ ಜೇಬು, ಲೈಪ್‌ಜಿಗ್‌ನ ಲೆಕ್ಕ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಊರು ಅಂದರೆ ಎಲ್ಲರ ಬಾಯಲ್ಲೂ ವಿಯೆನ್ನಾ. ನಾವು ಹೋಗಿದ್ದು ಜರ್ಮನಿಯ ಲೈಪ್‌ಜಿಗ್‌ಗೆ. ಬರ್ಲಿನ್‌ನಿಂದ ವೇಗದ ರೈಲಿನಲ್ಲಿ ಹೆಚ್ಚುಕಡಿಮೆ ಒಂದೂಕಾಲು ಗಂಟೆ. 1915ರಲ್ಲಿ ಕಟ್ಟಿ ಮುಗಿಸಿದ ರೈಲು ನಿಲ್ದಾಣವೇ ಒಂದು ಅರಮನೆ. ಅಲ್ಲಿಂದ ಹಳೇ ಊರು ಪೂರ್ತಿ ಕಾಲ್ನಡಿಗೆಯಲ್ಲೇ ಸುತ್ತಬಹುದು. ಫುಟ್‌ಪಾತ್‌ನಲ್ಲಿ ಅಲ್ಲಲ್ಲಿ ಬಾಗಿದ ಸ್ಟೀಲ್ ಪಟ್ಟಿಗಳನ್ನು ಹುದುಗಿಸಿದ್ದಾರೆ. ಅವನ್ನು ಹಿಡಿದು ಸುಮಾರು 5 ಕಿಲೋಮೀಟರ್ ನಡೆದರೆ ಸಂಗೀತಗಾರರ ಮನೆಗಳೆಲ್ಲ ಒಂದೊಂದಾಗಿ ಸಿಗುತ್ತವೆ. ಮ್ಯಾಪ್ ಬೇಕಾಗುವುದೇ ಇಲ್ಲ.

ಮೊದಲು ಹೋಗಿದ್ದು ಥಾಮಸ್ ಚರ್ಚ್‌ಗೆ. ಪಕ್ಕದಲ್ಲೇ, ಇಲ್ಲಿ ದುಡಿದ 18ನೇ ಶತಮಾನದ ಸಂಗೀತ ರಚನಕಾರ ಬಾಖ್‌ನ ದೊಡ್ಡ ಪ್ರತಿಮೆ ಇದೆ, 1908ರಲ್ಲಿ ನಿಲ್ಲಿಸಿದ್ದು. ಹತ್ತಿರ ಹೋಗಿ ನೋಡಿ, ಕೋಟಿನ ಒಂದು ಜೇಬು ಹೊರಕ್ಕೆ ಮಗುಚಿಕೊಂಡಿದೆ. ಕೈಯಲ್ಲಿ ಕಾಸೇ ನಿಲ್ಲುತ್ತಿರಲಿಲ್ಲ ಅನ್ನೋದಕ್ಕೆ ಗುರುತಂತೆ.

ತಮಾಷೆ ಪೂರ್ತಿ ಸುಳ್ಳೇನಲ್ಲ. ಲೈಪ್‌ಜಿಗ್ ಸಂತೆಯ ಊರು, ವ್ಯಾಪಾರಿಗಳ ಊರು. 1722ರಲ್ಲಿ ಕ್ಯಾಂಟರ್, ಅಂದರೆ ಚರ್ಚ್ ಸಂಗೀತದ ಮೇಷ್ಟರ ಕೆಲಸ ಖಾಲಿಯಾದಾಗ ಊರಿನ ಕೌನ್ಸಿಲ್‌ನವರಿಗೆ ಬೇಕಾಗಿದ್ದವರು ಆಗಿನ ಹೆಸರುವಾಸಿ ರಚನಕಾರ ಟೆಲೆಮಾನ್. ಅವರು ಬರಲಿಲ್ಲ. ಆಮೇಲೆ ಗ್ರೌಪ್ನರ್ ಅನ್ನೋ ಇನ್ನೊಬ್ಬ ರಚನಕಾರ. ಅವರನ್ನು ಅವರ ದೊರೆ ಬಿಡಲಿಲ್ಲ. ಬಾಖ್ ಸಿಕ್ಕಿದ್ದು ಅದಾದ ಮೇಲೆ, 1723ರಲ್ಲಿ. ಹುಡುಗರಿಗೆ ಹಾಡು ಕಲಿಸಬೇಕು, ಚರ್ಚ್‌ಗಳ ಸಂಗೀತ ನೋಡಿಕೊಳ್ಳಬೇಕು, ಜೊತೆಗೆ ಲ್ಯಾಟಿನ್ ಪಾಠ ಬೇರೆ! ಆ ಪಾಠವನ್ನು ಅವರು ತಮ್ಮ ದುಡ್ಡು ಕೊಟ್ಟು ಇನ್ನೊಬ್ಬರಿಗೆ ವಹಿಸಿದರು. 1730ರಲ್ಲಿ ಹಳೇ ಗೆಳೆಯನಿಗೆ ಬರೆದ ಕಾಗದವಂತೂ ನನಗೆ ಬಹಳ ಇಷ್ಟ. ಹಿಂದಿನ ವರ್ಷ ಊರಿನ ಹವೆ ಚೆನ್ನಾಗಿತ್ತು, ಜನ ಸಾಯಲಿಲ್ಲ, ಶವಸಂಸ್ಕಾರದಿಂದ ಬರಬೇಕಾದ ಸಂಭಾವನೆಯಲ್ಲಿ 100 ಥಾಲರ್‌ಗೂ (ಆಗಿನ ಬೆಳ್ಳಿ ನಾಣ್ಯ) ಜಾಸ್ತಿ ಖೋತಾ ಆಯಿತು ಅಂತ ಗೊಣಗಿದ್ದಾರೆ. ಯೇಸುವಿನ ಕೊನೆಯ ದಿನಗಳನ್ನು ಹಾಡುವ ಮ್ಯಾಥ್ಯೂ ಪ್ಯಾಶನ್ ಅನ್ನೋ ಮಹಾಕೃತಿ ಬರೆದ ಮನುಷ್ಯ ಕಣ್ರೀ! ಮನೆ ತುಂಬ ಮಕ್ಕಳಿದ್ದವರಿಗೆ ಲೆಕ್ಕ ತಪ್ಪುವುದಿಲ್ಲ, ಅಲ್ವಾ?

ಶುಕ್ರವಾರ ಸಂಜೆ 6ಕ್ಕೆ ಚರ್ಚ್‌ನಲ್ಲಿ ಮೊಟೆಟ್ ಇತ್ತು. ಪ್ರಾರ್ಥನೆಯೂ ಹೌದು, ಕಚೇರಿಯೂ ಹೌದು. ಹಾಡುವವರು ಥಾಮಸ್ ಶಾಲೆಯ ಹುಡುಗರು. ಈ ತಂಡಕ್ಕೆ 800 ವರ್ಷ ದಾಟಿದೆ, ಶುರುವಾಗಿದ್ದು 1212ರಲ್ಲಿ. ಬಾಖ್ ತಿದ್ದಿ ಬೈದು ಹಾಡಿಸಿದ್ದು ಇದೇ ತಂಡವನ್ನು. ರಾಮನವಮಿ ಪೆಂಡಾಲಿನಲ್ಲಿ ಮುಂದಿನ ಸಾಲಿಗೆ ಟವೆಲ್ ಹಾಕುವವರ ಹಾಗೆ ನಾವು ಬೇಗ ಹೋಗಿ ಮುಂದೆ ಕೂತೆವು. ಇಲ್ಲಿ ಮುಂದಿನ ಸಾಲಿಗೆ ಬೆಲೆಯೇ ಇಲ್ಲ. ಹುಡುಗರು ನಿಲ್ಲುವುದು ಹಿಂದೆ, ಮೇಲೆ, ಆರ್ಗನ್ ಇರುವ ಮಾಳಿಗೆಯಲ್ಲಿ. ಹಾಡು ಬೆನ್ನ ಹಿಂದಿನಿಂದ ಬರುತ್ತದೆ. ಕುತ್ತಿಗೆ ತಿರುಗಿಸಿದರೆ ಚಿಕ್ಕವರ ನಾವಿಕರ ಥರದ ಅಂಗಿ ಸ್ವಲ್ಪ ಕಾಣುತ್ತದೆ, ಅಷ್ಟೆ. ಸ್ವಲ್ಪ ಹೊತ್ತಿಗೆ ತಿರುಗಿ ನೋಡುವುದನ್ನು ಬಿಟ್ಟೆ. ಹಾಡುವವರ ಮುಖವಿಲ್ಲದೆ ಕೇಳುವುದರಲ್ಲಿ ಒಂದು ಸುಖವಿದೆ. ಒಂದು ಸಾಲನ್ನು ಎಳೆಯ ದನಿಗಳು ಎತ್ತಿಕೊಳ್ಳುತ್ತವೆ, ದಪ್ಪ ದನಿಗಳು ಅದನ್ನೇ ಬೇರೆ ಜಾಗದಿಂದ ಹಿಡಿಯುತ್ತವೆ. ಯಾವುದರ ಹಿಂದೆ ಹೋಗಬೇಕು ಅಂತ ಕಿವಿಗೆ ಗೊತ್ತಾಗುವುದಿಲ್ಲ. ಕಣ್ಣಿಗೆ ಸಿಗುವುದು ಎದುರಿನ ನೆಲ ಮಾತ್ರ. ಅಲ್ಲಿ ಕಂಚಿನ ಹಲಗೆಯ ಮೇಲೆ ಬಾಖ್‌ನ ಹೆಸರು, ಸುತ್ತ ಹೂವು. 1750ರಲ್ಲಿ ಸತ್ತಾಗ ಅವರ ಗೋರಿಗೆ ಗುರುತಿನ ಕಲ್ಲು ಕೂಡ ಇರಲಿಲ್ಲ. 1894ರಲ್ಲಿ ಹಳೇ ಸ್ಮಶಾನ ಅಗೆದು ಮೂಳೆ ಹುಡುಕಿದರು. ಇಲ್ಲಿಗೆ ತಂದಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ.

ಬಾಖ್ ವಾದ್ಯಗೋಷ್ಠಿ ನಡೆಸುತ್ತಿದ್ದ ಜಿಮ್ಮರ್‌ಮಾನ್ ಕಾಫಿ ಹೌಸ್ ನೋಡುವ ಆಸೆ ನನಗಿತ್ತು. ಕಾಫಿ ಬಿಡಲೊಲ್ಲದ ಮಗಳು, ಬಿಡಿಸಲು ಒದ್ದಾಡುವ ಅಪ್ಪ ಇಬ್ಬರ ಜಗಳವನ್ನೇ ಅವರು ಹಾಡು ಮಾಡಿದ್ದಾರೆ. ಫಿಲ್ಟರ್ ಕಾಫಿ ಮನೆಯವರು ಒಮ್ಮೆಯಾದರೂ ಕೇಳಬೇಕು. ಆದರೆ ಆ ಕಟ್ಟಡ 1943ರ ಬಾಂಬಿಗೆ ಹೋಯಿತು.

ಮಾರನೇ ದಿನ 19ನೇ ಶತಮಾನದ ಸಂಗೀತ ರಚನಕಾರ ಮೆಂಡೆಲ್‌ಸೋನ್ ಮನೆ. ಮರದ ಮೆಟ್ಟಿಲು ಹತ್ತಿದರೆ ಅವರು 1847ರಲ್ಲಿ ತೀರಿಕೊಂಡ ಮಹಡಿ. ಗೋಡೆಗೆ ಅವರೇ ಬರೆದ ಜಲವರ್ಣ ಚಿತ್ರಗಳಿವೆ, ಚೆನ್ನಾಗಿಯೇ ಇವೆ. ಕೆಳಗಿನ ಕೋಣೆಯಲ್ಲಿ ಕೋಲು ಹಿಡಿದು ನಾವೇ ಆರ್ಕೆಸ್ಟ್ರಾ ನಡೆಸಬಹುದು. ಒಂದೊಂದು ಸ್ಪೀಕರ್ ಕಂಬ ಒಂದೊಂದು ವಾದ್ಯದ ಗುಂಪು. ನಾನು ಕೋಲು ಬೀಸಿದ ವೇಗಕ್ಕೆ ಪಾಪ ಪಿಟೀಲುಗಳಿಗೆ ಉಸಿರಾಡಲು ಬಿಡುವಿರಲಿಲ್ಲ.

ಮರೆತುಹೋಗಿದ್ದ ಮ್ಯಾಥ್ಯೂ ಪ್ಯಾಶನ್ ಅನ್ನು 1829ರಲ್ಲಿ ಬರ್ಲಿನ್‌ನಲ್ಲಿ ಮತ್ತೆ ಹಾಡಿಸಿದವರು ಇವರು. 1835ರಿಂದ ಇಲ್ಲಿನ ಗೆವಾಂಡ್‌ಹೌಸ್ ಆರ್ಕೆಸ್ಟ್ರಾ ನಡೆಸಿದರು. ವ್ಯಾಪಾರಿಗಳೇ ದುಡ್ಡು ಹಾಕಿ 1743ರಲ್ಲಿ ಶುರುಮಾಡಿದ ಕಚೇರಿಗಳಿಂದ ಬೆಳೆದ ಆರ್ಕೆಸ್ಟ್ರಾ ಅದು. 1843ರಲ್ಲಿ ಸಂಗೀತ ಶಾಲೆಯನ್ನೂ ತೆರೆದರು. ಊರು ಪ್ರತಿಮೆ ನಿಲ್ಲಿಸಿತು. ಆದರೆ ಅವರು ಯಹೂದಿ ಮನೆತನದವರು. 1936ರ ನವೆಂಬರ್‌ನಲ್ಲಿ ಮೇಯರ್ ಗೋರ್ಡೆಲರ್ ಊರಲ್ಲಿಲ್ಲದಾಗ ನಾಜಿಗಳು ಅದನ್ನು ಕಿತ್ತುಹಾಕಿದರು. ಮರಳಿ ನಿಲ್ಲಿಸಿ ಅಂದರೂ ಆಗಲಿಲ್ಲ, ಮೇಯರ್ ಹುದ್ದೆ ಬಿಟ್ಟರು. ಹಿಟ್ಲರ್ ವಿರುದ್ಧದ ಸಂಚಿನಲ್ಲಿದ್ದರೆಂದು 1945ರಲ್ಲಿ ಅವರನ್ನು ಕೊಂದರು. ಪ್ರತಿಮೆಯ ನಕಲು ಥಾಮಸ್ ಚರ್ಚ್ ಎದುರು ನಿಂತಿದ್ದು 2008ರಲ್ಲಿ, 72 ವರ್ಷದ ಮೇಲೆ. ಈ ಊರು ಸಂಗೀತಗಾರರ ಬಾಕಿ ತೀರಿಸುತ್ತದೆ, ನಿಜ. ಆದರೆ ಬಹಳ ತಡ ಮಾಡುತ್ತದೆ ಅಂತ ನನಗನಿಸಿತು.

ಬಿಳಿ ಕಂಬಗಳು ತಾಳೆಮರದ ಗರಿಗಳಾಗಿ ಬಿಚ್ಚಿಕೊಳ್ಳುವ ನಿಕೊಲಾಯ್ ಚರ್ಚ್ ಬಿಡಬೇಡಿ. 1989ರ ಅಕ್ಟೋಬರ್ 9ರಂದು ಇಲ್ಲಿನ ಪ್ರಾರ್ಥನೆ ಮುಗಿಸಿ ಹೊರಟವರ ಜೊತೆ ಸೇರಿ ಸುಮಾರು 70,000 ಜನ ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ ನಡೆದರು. ಶಾಂತಿಯ ಮನವಿಗೆ ಊರಿನ ಧ್ವನಿವರ್ಧಕಗಳಲ್ಲಿ ದನಿ ಕೊಟ್ಟವರು ಗೆವಾಂಡ್‌ಹೌಸ್‌ನ ಕಂಡಕ್ಟರ್ ಕುರ್ಟ್ ಮಾಸೂರ್. ಗುಂಡು ಹಾರಲಿಲ್ಲ.

ಹೋಗುವವರು ಶುಕ್ರವಾರ ಮಧ್ಯಾಹ್ನದೊಳಗೆ ಊರು ಸೇರಿ. ಮೊಟೆಟ್ ಶನಿವಾರ 3ಕ್ಕೂ ಇರುತ್ತದೆ, ಕೊಡಬೇಕಾದ್ದು ಕೆಲವೇ ಯೂರೋ. ಶಾಲೆಗೆ ರಜೆ ಇದ್ದರೆ ಬೇರೆ ತಂಡದವರು ಹಾಡುತ್ತಾರೆ, ತಾರೀಖು ನೋಡಿಕೊಂಡೇ ಟಿಕೆಟ್ ಮಾಡಿಸಿ.